ಹೊಂಡ ತೋಡಿದವರೇ, ಮೊದಲು ಒಂದು ಹಗ್ಗ ಕಟ್ಟಿ

ಇಂದು ಬೆಳಿಗ್ಗೆ ಚಿಂತಾಮಣಿ ಕಡೆಯ ನೆಂಟರ ತೋಟದಲ್ಲಿ ಕಂಡದ್ದು ಇನ್ನೂ ಕಣ್ಣಿನಿಂದ ಹೋಗಿಲ್ಲ. ತುಂಬಿದ ಕೃಷಿ ಹೊಂಡದ ಅಂಚಿನಲ್ಲಿ ಆರೇಳು ವರ್ಷದ ಹುಡುಗಿ ಕುಕ್ಕರುಗಾಲಿನಲ್ಲಿ ಕುಳಿತು ಕೆಸರಾದ ಚಪ್ಪಲಿ ತೊಳೆಯುತ್ತಿದ್ದಳು. ಅವಳ ಲಂಗ ಹಿಡಿದುಕೊಂಡು ಪುಟ್ಟ ತಮ್ಮ ನಿಂತಿದ್ದ. ಚಪ್ಪಲಿ ಕೈಜಾರಿ ತೇಲಿತು, ಅವಳು ಬಾಗಿ ಕೈ ಚಾಚಿದಳು. ಕೂಗಿದರೆ ಬೆಚ್ಚಿ ಬಿದ್ದಾಳು ಎಂದು ಸದ್ದಿಲ್ಲದೆ ಓಡಿ ಇಬ್ಬರನ್ನೂ ಹಿಂದಕ್ಕೆ ಎಳೆದುಕೊಂಡೆ. ಚಪ್ಪಲಿ ಹೋಯಿತೆಂದು ಅವಳು ಅಳುತ್ತಿದ್ದಳು. ನನ್ನ ಕೈಕಾಲು ನಡುಗುತ್ತಿದ್ದವು.

ಹೊಂಡಕ್ಕೆ ಬೇಲಿ ಇಲ್ಲ, ಒಂದು ಹಗ್ಗವೂ ಇಲ್ಲ. ತೋಟದ ಯಜಮಾನ ವರಸೆಯಲ್ಲಿ ನನಗೆ ತಮ್ಮನಾಗಬೇಕು. ಅವನು ಹೇಳಿದ್ದು ಇಷ್ಟು: "ಗಾಬರಿಯಾಗಬೇಡ ಅಣ್ಣ. ದೊಡ್ಡವನಿಗೆ ಈಜು ಕಲಿಸಿದ್ದೇನೆ, ಬರುವ ಬೇಸಿಗೆಗೆ ಇವರಿಗೂ ಕಲಿಸುತ್ತೇನೆ."

ಈ ಮಾತು ಕೇಳಿದಾಗಲೆಲ್ಲ ನನಗೆ ಕೋಪ ನೆತ್ತಿಗೇರುತ್ತದೆ. ಈಜು ಬರುತ್ತದೆ, ಸರಿ. ಹತ್ತಿ ಬರುವುದು ಹೇಗೆ?

ಕೃಷಿ ಹೊಂಡ ಕೆರೆಯಲ್ಲ, ಬಾವಿಯೂ ಅಲ್ಲ. ಮಳೆನೀರು ಹಿಡಿದಿಡುವ ಹೊಂಡ ತೋಡಲು ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಸಾಲುಸಾಲಾಗಿ ಹೊಂಡಗಳು ಎದ್ದವು. ಅವುಗಳಿಂದ ಬೆಳೆ ಉಳಿದಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಆಕಾರವನ್ನು ಒಮ್ಮೆ ನೋಡಿ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ನೀರು ಇಂಗದಿರಲೆಂದು ಅಂಚಿನವರೆಗೂ ಹಾಸಿದ ಪ್ಲಾಸ್ಟಿಕ್ ಹಾಳೆ. ಕೆಲವು ತಿಂಗಳಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ. ಹಿಡಿಯಲು ಒಂದು ಕಲ್ಲಿಲ್ಲ, ಬೇರಿಲ್ಲ, ಹುಲ್ಲಿನ ಬುಡವೂ ಇಲ್ಲ. ಕಾಲು ಊರಿದಷ್ಟೂ ಜಾರುತ್ತದೆ. ದಡ ಒಂದು ಮಾರು ದೂರದಲ್ಲಿ ಕಾಣುತ್ತಲೇ ಇರುತ್ತದೆ, ಕೈಗೆ ಸಿಗುವುದಿಲ್ಲ.

ಇದನ್ನು ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ಇಲ್ಲಿ ಈವರೆಗೆ ಹೇಳಿಕೊಳ್ಳದ ಸಂಗತಿಯೊಂದಿದೆ. ನಮ್ಮ ಹೊಂಡ ಮೊದಲ ಸಲ ತುಂಬಿದಾಗ ಅದರ ಚಿತ್ರವನ್ನು ಇಲ್ಲಿ ಹಾಕಿ ಸಂಭ್ರಮಿಸಿದ್ದೆ, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಪ್ಪ ಅಂದೇ "ಬೇಲಿ ಹಾಕಿಸು" ಎಂದಿದ್ದರು. ಟೊಮೆಟೊ ದುಡ್ಡು ಬರಲಿ ಎಂದು ಮುಂದೂಡುತ್ತ ಹೋದೆ. ನಾಲ್ಕನೆಯ ಮಳೆಗಾಲದಲ್ಲಿ ನಮ್ಮ ಕರು ಜಾರಿ ಬಿತ್ತು. ನಾನು ಹಿಂದೆಮುಂದೆ ನೋಡದೆ ಧುಮುಕಿದೆ. ಹತ್ತು ವರ್ಷದವನಿದ್ದಾಗಿನಿಂದ ಬಾವಿಯಲ್ಲಿ ಈಜಿದವನು ನಾನು. ಕರುವನ್ನು ಅಂಚಿಗೆ ತಳ್ಳಿಕೊಂಡು ಬಂದೆ, ಅದು ಜಾರಿತು, ನಾನೂ ಜಾರಿದೆ. ಮತ್ತೆ ಹತ್ತಿದೆ, ಮತ್ತೆ ಜಾರಿದೆ. ಉಗುರಿನಿಂದ ಹಾಳೆಯನ್ನು ಕೆರೆದೆ. ಕೆಲವೇ ನಿಮಿಷಗಳಲ್ಲಿ ತೋಳು ಸೋತವು. ಅಷ್ಟರಲ್ಲಿ ಹೆಂಡತಿ ಹನಿ ನೀರಾವರಿಯ ಪೈಪನ್ನು ಬೇವಿನ ಮರಕ್ಕೆ ಸುತ್ತಿ ಇನ್ನೊಂದು ತುದಿಯನ್ನು ನನ್ನತ್ತ ಎಸೆದಳು. ಅವಳು ಅಂದು ಸಂತೆಗೆ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಕರು ಉಳಿಯಲಿಲ್ಲ.

"ನಾವೆಲ್ಲ ಬಾವಿಗೆ ಹಾರಿಯೇ ಬೆಳೆದವರಲ್ಲವೇ, ಆಗ ಯಾವ ಬೇಲಿ ಇತ್ತು?" ಎಂದು ಕೇಳುವವರಿದ್ದಾರೆ. ಹೌದು, ಬೆಳೆದೆವು. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಚಿಕ್ಕಪ್ಪ ನೀರಿಗೆ ಇಳಿಸುತ್ತಿದ್ದರು, ಅವರು ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದರು. ಮೆಟ್ಟಿಲು ಎಂದೆ, ಗಮನಿಸಿ. ಬಾವಿ ಕಟ್ಟಿದವರು ಗೋಡೆಯಿಂದ ಕಲ್ಲುಗಳನ್ನು ಹೊರಚಾಚಿ ಕೂರಿಸುತ್ತಿದ್ದರು. ಇಳಿದವನು ಹತ್ತಬೇಕೆಂಬ ಯೋಚನೆ ಅವರಿಗಿತ್ತು. ಅಷ್ಟಾದರೂ ಹಿಂದಿರುಗದ ಹುಡುಗರು ನಮ್ಮೂರಲ್ಲೇ ಇದ್ದಾರೆ. ಉಳಿದವರು ಮಾತನಾಡುತ್ತಿದ್ದೇವೆ, ಅಷ್ಟೇ.

ಮಗು ಮುಳುಗಿದರೆ ಕೂಗು ಕೇಳಿಸುತ್ತದೆ ಎಂಬ ಧೈರ್ಯವೂ ಬೇಡ. ಮುಳುಗುವವರಿಗೆ ಉಸಿರಾಡುವುದೇ ಆಗುವುದಿಲ್ಲ, ಕೂಗುವುದೆಲ್ಲಿಂದ ಬಂತು? ನಾಲ್ಕು ಮಾರು ಆಚೆ ಕಳೆ ಕೀಳುತ್ತಿರುವ ತಾಯಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ತಾಯಿಯೂ ಧುಮುಕುತ್ತಾಳೆ, ಅವಳ ಹಿಂದೆ ಇನ್ನೊಬ್ಬರು. ಒಂದೇ ಮನೆಯ ಇಬ್ಬರು, ಮೂವರು ಹೋದ ಸುದ್ದಿ ಓದುತ್ತೀರಲ್ಲ, ಅದು ಹೀಗೆಯೇ ಆಗುವುದು. ಮುಳುಗುವವರು ಕೈಗೆ ಸಿಕ್ಕವರನ್ನು ಬಿಡುವುದಿಲ್ಲ. ದಡದಲ್ಲಿ ಮಲಗಿಯೇ ಸೀರೆಯನ್ನೋ ಗಳವನ್ನೋ ಚಾಚಬೇಕು, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆದರೆ ಅದು ತೇಲಿಸುತ್ತದೆ.

ಇನ್ನು ಉಪ್ಪಿನ ವಿಷಯ. ನೀರಿನಲ್ಲಿ ಸತ್ತವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆ ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯುತ್ತಲೇ ಇದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೆತ್ತವರು ಅದನ್ನು ನಂಬಿ ಮಗನ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಆ ತಂದೆತಾಯಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸಂದೇಶ ದಾಟಿಸಿದವರ ಮೇಲಿದೆ. ನೀವು ಅವರಲ್ಲೊಬ್ಬರಾಗಿದ್ದರೆ ಈಗಲೇ ಅಳಿಸಿಹಾಕಿ. ಉಸಿರು ನಿಂತವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಕೂಡ ಕಾಲಹರಣ. ಒಬ್ಬರು 108ಕ್ಕೆ ಕರೆ ಮಾಡುವಷ್ಟರಲ್ಲಿ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು, ಎದೆಯ ನಡುವೆ ಒತ್ತಬೇಕು, 30 ಒತ್ತಿಗೆ 2 ಉಸಿರಿನಂತೆ. ಇದನ್ನು ಊರಿನ ಶಾಲೆಯಲ್ಲಿ, ಸಂಘದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯರಿಂದ ಮಾಡಿಸಿ ಕಲಿಯಬೇಕು.

ಆದರೆ ನನ್ನ ಜಗಳ ಮತ್ತೆ ಆ ಹಗ್ಗದ ಮೇಲೆಯೇ ಬಂದು ನಿಲ್ಲುತ್ತದೆ. ತಂತಿ ಬೇಲಿಗೂ ಈಗ ಕೃಷಿ ಭಾಗ್ಯದಲ್ಲಿ ಸಹಾಯಧನವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ. ಅದು ಬರುವವರೆಗೆ ಹಗ್ಗಕ್ಕೆ ಯಾರ ಮಂಜೂರಾತಿ ಬೇಕು? ನಾಲ್ಕು ಮೂಲೆಗೆ ನಾಲ್ಕು ಗೂಟ, ಮೊಳಕ್ಕೊಂದು ಗಂಟು ಹಾಕಿ ನೀರಿನ ತಳದವರೆಗೆ ಇಳಿಬಿಟ್ಟ ನಾಲ್ಕು ಹಗ್ಗ. ಹಳೆಯ ಟೈರುಗಳನ್ನು ಪೋಣಿಸಿ ಇಳಿಬಿಟ್ಟರೂ ಆದೀತು. ಒಂದು ಚೀಲ ಗೊಬ್ಬರಕ್ಕೆ ಕೊಡುವಷ್ಟೂ ಖರ್ಚಿಲ್ಲ.

ತಮ್ಮನೊಡನೆ ಬೆಳಿಗ್ಗೆ ಜೋರಾಗಿಯೇ ಮಾತನಾಡಿದೆ, ಅವನ ಹೆಂಡತಿಯ ಎದುರಿಗೇ. ಅವನಿಗೆ ನೋವಾಗಿದೆ, ಗೊತ್ತು. ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಅಂಗಡಿಯಿಂದ ಹಗ್ಗ ತಂದು ಇಬ್ಬರೂ ಸೇರಿ ನಾಲ್ಕು ಮೂಲೆಗೂ ಕಟ್ಟಿದೆವು. ಚಪ್ಪಲಿ ಕಳೆದುಕೊಂಡ ಹುಡುಗಿ ಗಂಟುಗಳನ್ನು ಎಣಿಸುತ್ತ ದೂರದಲ್ಲಿ ಕುಳಿತಿದ್ದಳು. ಭಾನುವಾರ ಕಲ್ಲುಕೂಚ ಇಳಿಸಿ ಬೇಲಿಯ ಕೆಲಸ ಶುರು ಮಾಡುತ್ತೇನೆಂದು ಅವನು ಹೇಳಿದ್ದಾನೆ. ಗುಂಡಿ ತೋಡಲು ನಾನೂ ಹೋಗುತ್ತಿದ್ದೇನೆ, ಅವಳಿಗೊಂದು ಜೊತೆ ಹೊಸ ಚಪ್ಪಲಿ ತೆಗೆದುಕೊಂಡು.