ಸಮಾಲೋಚನಾ ಸಭೆ ಅಂತೆ, ಸಮಾಲೋಚನೆ ಎಲ್ಲಿದೆ ಸ್ವಾಮಿ?

ಕ್ಲಸ್ಟರ್ ಸಭೆಗೆ ಹೋಗಿ ಬಂದು ತಲೆ ಕೆಟ್ಟು ಕೂತಿದೀನಿ. ಸುತ್ತಮುತ್ತಲ ಶಾಲೆ ಟೀಚರ್‌ಗಳೆಲ್ಲ ಒಂದ್ಕಡೆ ಸೇರಿ, ಕ್ಲಾಸಲ್ಲಿ ಆಗ್ತಿರೋ ತೊಂದರೆ ಹೇಳ್ಕೊಂಡು, ಒಬ್ಬರಿಂದ ಒಬ್ಬರು ಕಲೀಲಿ ಅಂತ ತಾನೇ ಈ ಸಭೆ ಇರೋದು? ಅಲ್ಲಿ ಕೇಳೋದು ಏನಪ್ಪಾ ಅಂದ್ರೆ ಮೊಟ್ಟೆ ಎಷ್ಟು ಮಕ್ಕಳು ತಿಂದ್ರು, ಬಾಳೆಹಣ್ಣು ಎಷ್ಟು ಜನ, ಶೂ ಸಾಕ್ಸ್ ಬಿಲ್ ಕೊಟ್ರಾ, ಮಕ್ಕಳ ದಾಖಲೆ ಇಡೋ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಆಧಾರ್ ಹೆಸರು ಮ್ಯಾಚ್ ಆಯ್ತಾ. ಇದೆಲ್ಲಾ ಆಗ್ಲೇ ವಾಟ್ಸಾಪ್ ಗ್ರೂಪಿಗೆ ಕಳಿಸಿರೋದೇ ರೀ!

ಈ ಸಲ ಪಕ್ಕದೂರಿನ ಮೇಡಂ ಒಬ್ರು ನಾಲ್ಕನೇ ಕ್ಲಾಸ್ ಮಕ್ಕಳ ನೋಟ್‌ಬುಕ್ಕನ್ನೇ ಹೊತ್ಕೊಂಡು ಬಂದಿದ್ರು. 403ರಲ್ಲಿ 158 ಕಳೆಯೋ ಲೆಕ್ಕ, ಸುಮಾರು ಮಕ್ಕಳು ಉತ್ತರ 355 ಅಂತ ಬರ್ದಿದಾರೆ. ಮೇಲಿದ್ಯೋ ಕೆಳಗಿದ್ಯೋ ನೋಡಲ್ಲ, ದೊಡ್ಡದ್ರಲ್ಲಿ ಚಿಕ್ಕದು ಕಳೆಯೋದು, ಎಂಟರಲ್ಲಿ ಮೂರು ಹೋದ್ರೆ ಐದು, ಐದರಲ್ಲಿ ಸೊನ್ನೆ ಹೋದ್ರೆ ಐದು. ಮಕ್ಕಳು ದಡ್ಡರಲ್ಲ, ಅವರದ್ದೇ ಒಂದು ರೂಲ್ ಮಾಡ್ಕೊಂಡಿದಾರೆ ಅಷ್ಟೇ. ದಶಕ ತಗೋ ಅಂದ್ರೆ ಹತ್ತರ ಸ್ಥಾನದಲ್ಲಿ ಸೊನ್ನೆ ಕೂತಿದೆ, ಎಲ್ಲಿಂದ ತಗೊಳ್ತವೆ ಪಾಪ? ಒಬ್ಬ ಮೇಷ್ಟ್ರು ಕಡ್ಡಿ ಕಟ್ಟು ಬಿಚ್ಚಿ ತೋರ್ಸಿ ಅಂದ್ರು, ಇನ್ನೊಬ್ರು ನೂರರ ನೋಟು ಚಿಲ್ರೆ ಮಾಡ್ಸೋ ಆಟ ಆಡ್ಸಿ ಅಂದ್ರು, ನಾನೂ ಕುರ್ಚಿ ಹತ್ರ ಎಳ್ಕೊಂಡೆ, ಎಷ್ಟೋ ದಿನ ಆದ್ಮೇಲೆ ನಿಜವಾಗ್ಲೂ ಏನೋ ಕಲೀತಿದೀವಿ ಅನ್ನಿಸ್ತು.

ಅಷ್ಟರಲ್ಲಿ "ಮೇಡಂ ಬೇಗ ಮುಗ್ಸಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಂದ ಫೋನು, ಮೊದ್ಲು ಮಾಹಿತಿ ಕೊಡಿ, ಎಲ್ರೂ ಎದ್ ನಿಲ್ಲಿ ಫೋಟೋ ತಗೊಳ್ಳೋಣ" ಅಂತ ಸಭೆ ನಡ್ಸೋ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶುರು ಮಾಡಿದ್ರು. ಅವರನ್ನ ಬೈದು ಪ್ರಯೋಜನ ಇಲ್ಲ ಬಿಡಿ, ಅವರೂ ನಿನ್ನೆ ಮೊನ್ನೆವರ್ಗೂ ಮೇಷ್ಟ್ರೇ, ಮೇಲಿಂದ ಅವರಿಗೂ ಉಗಿತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಟೀಚರ್‌ಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಅಂತ ಬರ್ದಿದಾರೆ. ಗಂಟೆ ಲೆಕ್ಕ ಹೆಂಗೂ ತುಂಬತ್ತೆ, ಟೀಚರ್ ತರಬೇತಿಗಿರೋ ಸರ್ಕಾರದ ದೀಕ್ಷಾ ಆಪಲ್ಲಿ ವಿಡಿಯೋ ಓಡೋಕ್ ಬಿಟ್ಟು ಟೀ ಕುಡ್ಕೊಂಡು ಬಂದ್ರೂ ತುಂಬತ್ತೆ. ಮೊದಲ ಒಂದು ಗಂಟೆ ಯಾವ ಮಾಹಿತೀನೂ ಕೇಳ್ಬೇಡಿ, ಫೋನ್ ಎತ್ಬೇಡಿ, ಮಕ್ಕಳ ನೋಟ್‌ಬುಕ್ ಮುಂದಿಟ್ಕೊಂಡು ನಮ್ಮನ್ನ ನಮ್ ಪಾಡಿಗೆ ಮಾತಾಡೋಕೆ ಬಿಡ್ರಪ್ಪಾ ಅಂದ್ರೆ ಅದಕ್ಕೂ ಮೇಲಿಂದ ಆದೇಶ ಬರ್ಬೇಕಂತೆ!

ಹೊರಡುವಾಗ ನಡಾವಳಿ ಪುಸ್ತಕ ನೋಡ್ದೆ. "ವ್ಯವಕಲನದ ಕಲಿಕಾ ಸಮಸ್ಯೆಗಳ ಕುರಿತು ಸವಿಸ್ತಾರವಾಗಿ ಚರ್ಚಿಸಲಾಯಿತು" ಅಂತ ಬರ್ದಾಗಿದೆ, ಕೆಳಗೆ ಎಲ್ರದ್ದೂ ಸೈನು.