ಗುಲಾಮರ ಆತ್ಮಕಥೆಗಳು: ಚಳವಳಿಯನ್ನು ಗೆಲ್ಲಿಸಿದ ಸಾಕ್ಷಿಯೇ?

ಪ್ರಶ್ನೆ: ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಗುಲಾಮಗಿರಿ ರದ್ದಾಗಲು, ಗುಲಾಮರಾಗಿದ್ದವರೇ ಹೇಳಿಕೊಂಡ ಜೀವನಕಥನಗಳು ನಿರ್ಣಾಯಕ ಬಲವಾಗಿದ್ದವೇ?

ಪರ: ಕೋರ್ಟು ಕೇಳದ ಸಾಕ್ಷ್ಯ

ಮೇರಿಲ್ಯಾಂಡಿನ ತೋಟವೊಂದರಲ್ಲಿ ಡೆಂಬಿ ಎಂಬ ಗುಲಾಮ ಚಾಟಿಯೇಟು ತಾಳಲಾರದೆ ಓಡಿಹೋಗಿ ಹಳ್ಳದ ನೀರಿಗಿಳಿದು ನಿಂತ. ಮೂರು ಸಲ ಕರೆಯುತ್ತೇನೆ, ಮೂರನೆಯ ಕರೆಗೂ ಬಾರದಿದ್ದರೆ ಗುಂಡು ಹಾರಿಸುತ್ತೇನೆ ಎಂದು ಮೇಲ್ವಿಚಾರಕ ಗೋರ್ ಎಚ್ಚರಿಸಿದ. ಡೆಂಬಿ ಕದಲಲಿಲ್ಲ, ಗೋರ್ ಹೇಳಿದಂತೆಯೇ ಮಾಡಿದ. ಕಣ್ಣಾರೆ ಕಂಡವರು ಗುಲಾಮರು; ಬಿಳಿಯನ ವಿರುದ್ಧ ಗುಲಾಮನ ಸಾಕ್ಷ್ಯವನ್ನು ಅಲ್ಲಿನ ಕಾನೂನು ಒಪ್ಪುತ್ತಿರಲಿಲ್ಲವಾದ್ದರಿಂದ ಆ ಕೊಲೆ ವಿಚಾರಣೆಗೇ ಬರಲಿಲ್ಲ. ಲೋಕಕ್ಕೆ ಅದು ತಿಳಿದದ್ದು 1845ರಲ್ಲಿ, ಅದೇ ತೋಟದಲ್ಲಿ ಬಾಲ್ಯ ಕಳೆದು, ಮುಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಬಾಸ್ಟನ್ನಿನಲ್ಲಿ ತನ್ನ ಜೀವನಕಥೆಯನ್ನು ಅಚ್ಚು ಹಾಕಿಸಿದಾಗ. ನ್ಯಾಯಾಲಯ ಕೊಡದ ಕಟಕಟೆಯನ್ನು ಗುಲಾಮ ಪುಸ್ತಕದಲ್ಲಿ ಕಟ್ಟಿಕೊಂಡ ಎಂಬುದೇ ನಮ್ಮ ವಾದದ ತಿರುಳು.

ಅದಕ್ಕೆ ಮೊದಲು, ಗುಲಾಮಗಿರಿ ನಡೆಯುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಒಡೆಯರಿಗೆ ಮರುಮಾತು ಸುಲಭವಾಗಿತ್ತು. ಬಾಸ್ಟನ್ನಿನ ಪಾದ್ರಿ ಚಾಟಿಯ ವಿಷಯ ಮಾತಾಡಿದರೆ, ತೋಟದ ಮುಖ ನೋಡದವನ ಮಾತಿಗೆ ಬೆಲೆಯೇನು ಎನ್ನಬಹುದಿತ್ತು. ಡಗ್ಲಾಸನಿಗೆ ಹಾಗೆನ್ನಲು ಬರುತ್ತಿರಲಿಲ್ಲ. ಅವನು ಊರು, ಜಿಲ್ಲೆ, ಒಡೆಯರ ಹೆಸರು ಎಲ್ಲವನ್ನೂ ಬಿಡಿಸಿ ಬರೆದಿದ್ದ. ಹೀಗೆ ಬರೆದದ್ದರಿಂದ ಹಿಡಿದು ಒಯ್ಯುವವರಿಗೆ ತಾನೇ ವಿಳಾಸ ಕೊಟ್ಟಂತಾಗಿ, ಅದೇ ವರ್ಷ ಅಟ್ಲಾಂಟಿಕ್ ದಾಟಬೇಕಾಯಿತು. 1846ರಲ್ಲಿ ಇಂಗ್ಲೆಂಡಿನ ಸ್ನೇಹಿತರು ಹಣ ಕೂಡಿಸಿ ಅವನ ಬಿಡುಗಡೆಯನ್ನು ಕೊಂಡರು. ಈ ನಡುವೆ ಥಾಂಪ್ಸನ್ ಎಂಬ ಮೇರಿಲ್ಯಾಂಡಿನ ಬಿಳಿಯ ಪತ್ರಿಕೆಗೆ ಬರೆದು, ಗೋರ್ ಮುಂತಾದವರು ಸಜ್ಜನರು, ಈ ಬರಹಗಾರನನ್ನು ಫ್ರೆಡರಿಕ್ ಬೇಲಿ ಎಂಬ ಹೆಸರಿನಲ್ಲಿ ನಾನು ಬಲ್ಲೆ, ಇಂಥ ಪುಸ್ತಕ ಬರೆಯುವ ಶಕ್ತಿ ಅವನಿಗಿಲ್ಲ ಎಂದ. ಡಗ್ಲಾಸ್ ಅವನಿಗೆ ಉಪಕಾರ ಸ್ಮರಿಸಿದ: ನಾನು ಗುಲಾಮನಾಗಿದ್ದೆ ಎಂಬುದನ್ನೇ ನಂಬದವರಿದ್ದರು, ಈಗ ನನ್ನ ಊರಿನವನೇ ಅದಕ್ಕೆ ಸಾಕ್ಷಿ ನುಡಿದ! ವಿರೋಧಿಯ ಬಾಯಿಂದಲೇ ದೃಢೀಕರಣ ಹೊರಡಿಸುವ ಬಲ ಯಾವ ಕರಪತ್ರಕ್ಕಿತ್ತು?

ಬ್ರಿಟನ್ನಿನಲ್ಲಿ ಈ ಕೆಲಸ ಅರ್ಧ ಶತಮಾನಕ್ಕೂ ಮೊದಲೇ ಆರಂಭವಾಗಿತ್ತು. ಜಾಂಗ್ ಎಂಬ ಹಡಗಿನಿಂದ 1781ರಲ್ಲಿ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ತಳ್ಳಿದಾಗ, ಲಂಡನ್ನಿನ ನ್ಯಾಯಾಲಯದಲ್ಲಿ ಅದು ವಿಮೆಯ ಹಣದ ತಕರಾರಾಗಿ ನಡೆಯಿತು. ಈ ಸುದ್ದಿಯನ್ನು ಹೊತ್ತು ಗುಲಾಮಗಿರಿ ವಿರೋಧಿ ಹೋರಾಟಗಾರ ಗ್ರಾನ್‌ವಿಲ್ ಶಾರ್ಪನ ಮನೆಗೆ ಹೋದವನು ಒಲೌಡಾ ಈಕ್ವಿಯಾನೊ, ತಾನೇ ದುಡಿದು ಬಿಡುಗಡೆ ಕೊಂಡಿದ್ದ ಮಾಜಿ ಗುಲಾಮ. ಅವನು 1789ರಲ್ಲಿ ಸಂಸತ್ತನ್ನೇ ಸಂಬೋಧಿಸಿ ತನ್ನ ಬದುಕನ್ನು ಬರೆದ. ಊರೂರು ಅಲೆದು ತಾನೇ ಮಾರಿದ. ಅವನು ಬದುಕಿರುವಾಗಲೇ ಒಂಬತ್ತು ಮುದ್ರಣಗಳಾದವು. ಲೆಕ್ಕಪುಸ್ತಕದಲ್ಲಿ ಸರಕಾಗಿದ್ದವನು ಹಡಗಿನ ತಳದ ಕತ್ತಲನ್ನೂ ನಾತವನ್ನೂ ನಾನು ಎಂಬ ಪದದಿಂದ ಹೇಳತೊಡಗಿದ ಮೇಲೆ, ಇದು ವ್ಯಾಪಾರದ ವಿಷಯ ಎಂದು ಕೂತಿರುವುದು ಓದುಗರಿಗೆ ಕಷ್ಟವಾಯಿತು.

ಅಮೆರಿಕವನ್ನು ಅಲ್ಲಾಡಿಸಿದ್ದು 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯೇ ಹೊರತು ಈ ಕಥನಗಳಲ್ಲ ಎನ್ನುವವರಿದ್ದಾರೆ. ಆ ಕಾದಂಬರಿಯನ್ನು ಕಟ್ಟುಕಥೆ ಎಂದು ಒಡೆಯರು ಜರೆದಾಗ ಲೇಖಕಿ ಮರುವರ್ಷವೇ ಆಧಾರಗಳ ಸಂಪುಟವೊಂದನ್ನು ಹೊರತರಬೇಕಾಯಿತು, ಅದರಲ್ಲಿ ಜೋಸಯ ಹೆನ್ಸನ್ನನಂಥ ಗುಲಾಮರ ಕಥನಗಳನ್ನೇ ಮುಂದಿಡಬೇಕಾಯಿತು. ಹನ್ನೆರಡು ವರ್ಷ ಲೂಸಿಯಾನಾದಲ್ಲಿ ಗುಲಾಮನಾಗಿದ್ದ ಸಾಲಮನ್ ನಾರ್ಥಪ್ಪನ ಅನುಭವ ಪುಸ್ತಕವಾಗಿ ಬಂದದ್ದೂ 1853ರಲ್ಲೇ. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ದಕ್ಷಿಣದ ಹಲವು ರಾಜ್ಯಗಳು ಅಪರಾಧವೆಂದು ಸಾರಿದ್ದವು. ಬರಹಕ್ಕೆ ಎಷ್ಟು ಅಂಜಬೇಕು ಎಂಬ ಅಂದಾಜು ಒಡೆಯರಿಗೆ ನಮಗಿಂತ ಚೆನ್ನಾಗಿತ್ತು.

ವಿರೋಧ: ಕಟಕಟೆ ಯಾರ ಮನೆಯದು?

ಸಾಕ್ಷಿ ಎಂಬ ಮಾತನ್ನೇ ಹಿಡಿದು ಮುಂದುವರಿಯೋಣ. ಸಾಕ್ಷಿಗೆ ಪ್ರಶ್ನೆ ಹಾಕಿದವರು ಯಾರು, ಉತ್ತರದಲ್ಲಿ ಯಾವುದನ್ನು ಬರೆದುಕೊಂಡರು, ಯಾವುದನ್ನು ಬಿಟ್ಟರು? ಬರ್ಮುಡಾದಲ್ಲಿ ಹುಟ್ಟಿ, ಟರ್ಕ್ಸ್ ದ್ವೀಪದ ಉಪ್ಪಿನ ಹೊಂಡಗಳಲ್ಲಿ ಕಾಲು ಹುಣ್ಣಾಗುವಂತೆ ದುಡಿದು, ಆಂಟಿಗುವಾದ ಒಡೆಯನೊಂದಿಗೆ ಲಂಡನ್ನಿಗೆ ಬಂದ ಮೇರಿ ಪ್ರಿನ್ಸ್ ತನ್ನ ಕಥೆಯನ್ನು ಹೇಳಿದಳು. ಬರೆದುಕೊಂಡವಳು ಸುಸಾನಾ ಸ್ಟ್ರಿಕ್‌ಲ್ಯಾಂಡ್, ತಿದ್ದಿ 1831ರಲ್ಲಿ ಪ್ರಕಟಿಸಿದವನು ಗುಲಾಮಗಿರಿ ವಿರೋಧಿ ಸಂಘದ ಕಾರ್ಯದರ್ಶಿ ಥಾಮಸ್ ಪ್ರಿಂಗಲ್. ಅದನ್ನು ಓದಿದ ಬರ್ಮಿಂಗ್‌ಹ್ಯಾಮಿನ ಮಹಿಳಾ ಸಂಘದವರು, ಇವರೂ ಚಳವಳಿಯವರೇ, ಮೇರಿಯ ಮೈಮೇಲಿನ ಗುರುತುಗಳ ವಿವರ ಬೇಕೆಂದು ಕೇಳಿದರು. ಪ್ರಿಂಗಲ್ಲನ ಹೆಂಡತಿ ಇನ್ನು ಕೆಲವು ಹೆಂಗಸರೊಂದಿಗೆ ಮೇರಿಯ ಬೆನ್ನು ನೋಡಿ, ಅದರ ತುಂಬ ಬರೆಯ ಕಲೆಗಳಿವೆ ಎಂದು ಪತ್ರ ಬರೆದುಕೊಟ್ಟಳು. ಆ ಪತ್ರ ಮರುಮುದ್ರಣದಲ್ಲಿ ಸೇರಿತು. ನುಡಿ ಸಾಲದೆ ಹೋದಾಗ ಬೆನ್ನು ತೋರಿಸಬೇಕಾದವಳನ್ನು ಸಾಕ್ಷಿ ಎನ್ನಬೇಕೋ, ಆಪಾದಿತೆ ಎನ್ನಬೇಕೋ ನನಗೆ ತಿಳಿಯದು.

ಮುಂದಿನದು ಇನ್ನೂ ಕಹಿ. ಒಡೆಯ ವುಡ್ 1833ರಲ್ಲಿ ಪ್ರಿಂಗಲ್ಲನ ಮೇಲೆ ಮಾನನಷ್ಟದ ದಾವೆ ಹೂಡಿದ. ವೆಸ್ಟ್ ಇಂಡೀಸಿನಿಂದ ಸಾಕ್ಷಿಗಳನ್ನು ಕರೆಸಲಾಗದೆ ಪ್ರಿಂಗಲ್ ಸೋತ. ಕ್ಯಾಪ್ಟನ್ ಒಬ್ಬನೊಂದಿಗೆ ತಾನು ಬಾಳಿದ್ದನ್ನು ಬರೆದುಕೊಳ್ಳುವವಳಿಗೆ ಹೇಳಿದ್ದೆ, ಅದು ಪುಸ್ತಕದಲ್ಲಿಲ್ಲ ಎಂದು ಮೇರಿ ಆ ವಿಚಾರಣೆಯಲ್ಲಿ ನುಡಿದಳು. ಸಜ್ಜನ ಓದುಗರ ಕರುಣೆಗೆ ಅಡ್ಡಬರುವ ಬದುಕಿನ ಭಾಗವನ್ನು ಚಳವಳಿಯೇ ಕತ್ತರಿಸಿತ್ತು. ಪುಸ್ತಕ ಒಂದೇ ವರ್ಷದಲ್ಲಿ ಮೂರು ಮುದ್ರಣ ಕಂಡರೂ, ಆಂಟಿಗುವಾದಲ್ಲಿದ್ದ ಗಂಡನ ಬಳಿಗೆ ಸ್ವತಂತ್ರಳಾಗಿ ಮರಳಲು ಬೇಕಾದ ಬಿಡುಗಡೆ ಪತ್ರವನ್ನು ವುಡ್ ಕೊಡಲೇ ಇಲ್ಲ.

ಡಗ್ಲಾಸನ ಪುಸ್ತಕವೂ ಚಳವಳಿಯ ನಾಯಕರಾದ ಗ್ಯಾರಿಸನ್ ಮತ್ತು ಫಿಲಿಪ್ಸ್ ಎಂಬ ಇಬ್ಬರು ಬಿಳಿಯರ ಜಾಮೀನಿನ ಮೇಲೆಯೇ ಹೊರಬಂದದ್ದು. ನೀನು ಸಂಗತಿಗಳನ್ನು ಹೇಳು, ತತ್ವವನ್ನು ನಾವು ನೋಡಿಕೊಳ್ಳುತ್ತೇವೆ ಎಂದು ವೇದಿಕೆಯ ಗೆಳೆಯರು ತನಗೆ ಹೇಳಿದ್ದನ್ನೂ, ಮಾತಿನಲ್ಲಿ ತೋಟದ ಸೊಗಡು ಸ್ವಲ್ಪ ಉಳಿಯಲಿ ಎಂದು ಬುದ್ಧಿ ಹೇಳಿದ್ದನ್ನೂ ಅವನೇ 1855ರ ಎರಡನೆಯ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಷ್ಟು ಕಾವಲಿದ್ದೂ ಎಡವಿದ್ದುಂಟು: 1838ರಲ್ಲಿ ಜೇಮ್ಸ್ ವಿಲಿಯಮ್ಸನ ಕಥನದ ಊರು, ಹೆಸರುಗಳನ್ನು ಅಲಬಾಮಾದ ಪತ್ರಿಕೆಯೊಂದು ಪ್ರಶ್ನಿಸಿದ ಮೇಲೆ ಅಮೆರಿಕದ ಗುಲಾಮಗಿರಿ ವಿರೋಧಿ ಸಂಘ ಆ ಪುಸ್ತಕದ ಮಾರಾಟವನ್ನೇ ನಿಲ್ಲಿಸಿತು.

ಇನ್ನು ಫಲ. ಡಗ್ಲಾಸನ ಮೊದಲ ಪುಸ್ತಕ 1860ರ ಹೊತ್ತಿಗೆ ಸುಮಾರು 30,000 ಪ್ರತಿ ಖರ್ಚಾಗಿತ್ತು, ಒಪ್ಪೋಣ. ಆದರೆ ಈ ಕಥನಗಳು ಅತಿ ಹೆಚ್ಚು ಓದಿಸಿಕೊಂಡ ಎರಡು ದಶಕಗಳಲ್ಲೇ ಅಮೆರಿಕದ ಗುಲಾಮರ ಸಂಖ್ಯೆ ಸುಮಾರು 25 ಲಕ್ಷದಿಂದ 39 ಲಕ್ಷ 50 ಸಾವಿರಕ್ಕೆ ಏರಿತು. ಓಡಿಹೋದವರನ್ನು ಹಿಡಿದುಕೊಡುವಂತೆ ಉತ್ತರದವರನ್ನೂ ಕಟ್ಟಿಹಾಕಿದ ಕಾನೂನು ಬಂದದ್ದು 1850ರಲ್ಲಿ. ಬ್ರಿಟನ್ 1833ರಲ್ಲಿ ಗುಲಾಮಗಿರಿಯ ರದ್ದತಿಗೆ ಮಣಿಯುವ ಮುನ್ನ, 1831ರ ಕ್ರಿಸ್‌ಮಸ್ ವೇಳೆಗೆ ಜಮೈಕಾದಲ್ಲಿ ಹತ್ತಾರು ಸಾವಿರ ಗುಲಾಮರು ಸ್ಯಾಮ್ ಶಾರ್ಪನ ನಾಯಕತ್ವದಲ್ಲಿ ಬಂಡೆದ್ದಿದ್ದರು. ಮಣಿದಾಗಲೂ ಎರಡು ಕೋಟಿ ಪೌಂಡ್ ಪರಿಹಾರ ಸಂದದ್ದು ಒಡೆಯರಿಗೆ. ಅಮೆರಿಕದಲ್ಲಿ ಉತ್ತರ–ದಕ್ಷಿಣಗಳ ಅಂತರ್ಯುದ್ಧ ಆರಂಭವಾದ 1861ರ ಮೇ ತಿಂಗಳಲ್ಲಿ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ಉತ್ತರದ ಸೇನೆಯ ವಶದಲ್ಲಿದ್ದ ಮನ್ರೋ ಕೋಟೆ ಸೇರಿದರು, ಅಲ್ಲಿನ ಸೇನಾಧಿಕಾರಿ ಅವರನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಅವರ ಹಿಂದೆ ಸಾವಿರಾರು ಜನ ಬಂದರು, ಕೊನೆಗೆ ಸುಮಾರು 1,80,000 ಕಪ್ಪು ಸೈನಿಕರು ಬಂದೂಕು ಹಿಡಿದರು. ಅವರಲ್ಲಿ ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ.

ಕಥೆ ಹೇಳಿದ್ದರಿಂದ ದಾರಿ ಮುಚ್ಚಿದ್ದೂ ಇದೆ. ಹೆನ್ರಿ ಬ್ರೌನ್ 1849ರಲ್ಲಿ ಮೂರಡಿ ಉದ್ದದ ಮರದ ಪೆಟ್ಟಿಗೆಯೊಳಗೆ ಮುದುಡಿ ಕೂತು, ರಿಚ್‌ಮಂಡಿನಿಂದ ಫಿಲಡೆಲ್ಫಿಯಾಕ್ಕೆ 27 ಗಂಟೆಗಳಲ್ಲಿ ಸರಕಾಗಿ ತಲುಪಿದ. ಸುದ್ದಿ ಹಬ್ಬಿತು, ಪುಸ್ತಕವೂ ಬಂತು. ಅವನನ್ನು ಕಳಿಸಿದ್ದ ಸ್ಯಾಮ್ಯುಯೆಲ್ ಸ್ಮಿತ್ ಅದೇ ಉಪಾಯವನ್ನು ಮತ್ತೆ ಮಾಡಹೋಗಿ ಸಿಕ್ಕಿಬಿದ್ದು ಸೆರೆಮನೆ ಸೇರಿದ. ಬ್ರೌನನ ಉಪಾಯ ಬಯಲಾಗದಿದ್ದರೆ ವರ್ಷಕ್ಕೆ ಸಾವಿರ ಪೆಟ್ಟಿಗೆಗಳು ಹೋಗುತ್ತಿದ್ದವೇನೋ ಎಂದು ಹಳಹಳಿಸಿದವನು ಡಗ್ಲಾಸನೇ. ತನ್ನ 1845ರ ಪುಸ್ತಕದಲ್ಲಿ ಅವನು ಒಡೆಯರ, ಮೇಲ್ವಿಚಾರಕರ ಹೆಸರುಗಳನ್ನು ಬರೆದ, ಆದರೆ ತಾನು ತಪ್ಪಿಸಿಕೊಂಡ ಬಗೆಯನ್ನು ಬರೆಯಲಿಲ್ಲ, 1855ರಲ್ಲೂ ಬರೆಯಲಿಲ್ಲ. ಸ್ವತಂತ್ರ ನಾವಿಕನೊಬ್ಬನ ಗುರುತಿನ ಕಾಗದವನ್ನು ಎರವಲು ಪಡೆದು ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದ್ದೆ ಎಂಬುದು ಅವನ ಆತ್ಮಕಥೆಗೆ ಸೇರಿದ್ದು 1881ರಲ್ಲಿ.