ಮಜಾ ಮಾಡೋಕೂ ಎನ್‌ಒಸಿ

2005ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೀಬಾರ್ ಎಂಬ ಕಲಾವಿದರ ಗುಂಪು ಪಾರ್ಕಿಂಗ್ ಮೀಟರಿಗೆ ಚಿಲ್ಲರೆ ಹಾಕಿತು. ಆದರೆ ಕಾರು ತಂದಿರಲಿಲ್ಲ. ಕಾರು ನಿಲ್ಲಬೇಕಾದ ಜಾಗದಲ್ಲಿ ಹುಲ್ಲು ಹಾಸಿದರು, ಒಂದು ಬೆಂಚು ಇಟ್ಟರು, ಕುಂಡದಲ್ಲಿದ್ದ ಒಂದು ಮರ ತಂದು ನಿಲ್ಲಿಸಿದರು. ಎರಡು ಗಂಟೆ ಕಳೆಯಿತು, ಮೀಟರಿನ ಗಡುವು ಮುಗಿಯಿತು. ಹುಲ್ಲು ಸುತ್ತಿಕೊಂಡು ಹೊರಟರು.

ಬಾಡಿಗೆ ಕಟ್ಟಿದ್ದಾರೆ, ಇನ್ನೇನು? ಒಂದು ಟನ್ ಕಬ್ಬಿಣ ದಿನವಿಡೀ ಬೀದಿಯಲ್ಲಿ ಬಿದ್ದುಕೊಂಡರೆ ಅದು ನಾಗರಿಕ ಸೌಲಭ್ಯ. ಅದೇ ಜಾಗದಲ್ಲಿ ಮನುಷ್ಯ ಕಾಲು ಚಾಚಿ ಕೂತರೆ ಅಡಚಣೆ.

ಆ ಆಟ ಈಗ ‘ಪಾರ್ಕಿಂಗ್ ಡೇ’ ಆಗಿ ಊರೂರಿಗೆ ಹಬ್ಬಿದೆ. ಹಬ್ಬಿದ ಮೇಲೆ ಫಾರಂ ಬರದೇ ಇರುತ್ತಾ? ಎಷ್ಟೋ ನಗರಗಳಲ್ಲಿ ಈಗ ಅರ್ಜಿ ಬೇಕು, ನಕ್ಷೆ ಬೇಕು, ವಿಮೆ ಬೇಕು. ಫುಟ್‌ಪಾತ್ ಪಕ್ಕ ಒಂದು ಉಯ್ಯಾಲೆ ಕಟ್ಟಲು ನಾನೇ ಹೋದೆ ಅಂತ ಸುಮ್ನೆ ಊಹಿಸಿಕೊಂಡೆ.

“ಉದ್ದೇಶ?”

“ತೂಗಿಕೊಳ್ಳೋದು ಸಾರ್.”

“ಅದು ಚಟುವಟಿಕೆ. ಉದ್ದೇಶ ಹೇಳಿ.”

“ಖುಷಿ ಆಗುತ್ತೆ.”

ಗುಮಾಸ್ತರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. ಖುಷಿ ಯಾವ ಇಲಾಖೆಗೂ ಬರುತ್ತಿರಲಿಲ್ಲ. ‘ಇತರೆ’ ಅಂತ ಬರೆದುಕೊಂಡರು.

“ಮುಂದಕ್ಕೆ ಹೋಗುತ್ತೋ, ಹಿಂದಕ್ಕೋ?”

“ಎರಡೂ ಕಡೆ ಸಾರ್.”

“ಹಾಗಾದ್ರೆ ಎರಡು ಅರ್ಜಿ.”

ಕೆನಡಾದ ಹ್ಯಾಮಿಲ್ಟನ್‌ನವರು ಅರ್ಜಿಯ ಗೋಜಿಗೇ ಹೋಗಲಿಲ್ಲ. 2013ರಲ್ಲಿ ವಾಹನಗಳ ವೇಗ ತಗ್ಗಲಿ ಅಂತ ರಸ್ತೆ ತಿರುವಿನಲ್ಲಿ ತಾವೇ ಕೋನ್‌ಗಳನ್ನು ನಿಲ್ಲಿಸಿದರು. ಇದು ಕಾನೂನುಬಾಹಿರ ಅಂತ ನಗರಾಡಳಿತ ಗುಡುಗಿತು. ಆಮೇಲೆ ಅದೇ ಐಡಿಯಾವನ್ನು ತಾನೇ ಜಾರಿಗೆ ತಂದಿತು. ಜನ ಮಾಡಿದರೆ ಅಪರಾಧ, ಲೆಟರ್‌ಹೆಡ್ಡಿನಲ್ಲಿ ಬಂದರೆ ಯೋಜನೆ.

ಆಡಳಿತವೇ ಮಜಾ ಕೊಡಲು ಹೊರಟರೆ ಏನಾಗುತ್ತೆ ಅಂತ ನೋಡಬೇಕಾದರೆ ಲಂಡನ್ನಿಗೆ ಹೋಗಬೇಕು. ಕೋವಿಡ್ ಕಾಲದಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಗಳು ಭಣಗುಟ್ಟುತ್ತಿದ್ದವು. ಜನರನ್ನು ಮತ್ತೆ ಕರೆತರಬೇಕು, ಏನು ಮಾಡೋಣ? ಗುಡ್ಡ ಕಟ್ಟೋಣ! 2021ರ ಜುಲೈನಲ್ಲಿ ಮಾರ್ಬಲ್ ಆರ್ಚ್ ಪಕ್ಕ 25 ಮೀಟರ್ ಎತ್ತರದ ಗುಡ್ಡ ಎದ್ದಿತು. ಒಳಗೆ ಬರೀ ಕಬ್ಬಿಣದ ಅಟ್ಟಣಿಗೆ, ಮೇಲೆ ಹುಲ್ಲು. ಯೋಜನೆಯ ಚಿತ್ರದಲ್ಲಿ ಹಚ್ಚಹಸಿರು ಬೆಟ್ಟ, ಎದುರಿಗೆ ಕಂಡದ್ದು ಮಾಸಿದ ತೇಪೆಗಳ ದಿಬ್ಬ. ದುಡ್ಡು ಕೊಟ್ಟು ಹತ್ತಿದವರು ಮೇಲೆ ನಿಂತು ಟ್ರಾಫಿಕ್ಕನ್ನೂ ಮರಗಳ ತಲೆಯನ್ನೂ ನೋಡಿ ಇಳಿದರು. ಕೆಲವೇ ದಿನಗಳಲ್ಲಿ ಟಿಕೆಟ್ ಹಣ ವಾಪಸ್ ಕೊಡಬೇಕಾಯಿತು, ಆಗಸ್ಟಿನಲ್ಲಿ ಪ್ರವೇಶ ಉಚಿತವಾಯಿತು. 33 ಲಕ್ಷ ಪೌಂಡ್ ಅಂದಿದ್ದ ಖರ್ಚು 60 ಲಕ್ಷಕ್ಕೆ ಏರಿತು. ಅಂತೂ ಅಲ್ಲಿ ನಿಜವಾಗಿ ಮೇಲಕ್ಕೆ ಹತ್ತಿದ್ದು ಅದೊಂದೇ. ಗುಡ್ಡ ಕಟ್ಟಿಸಿದ ನಗರ ಕೌನ್ಸಿಲಿನ ಉಪನಾಯಕರು ಮಾತ್ರ ಹುದ್ದೆಯಿಂದ ಇಳಿದರು. ಜನ ನಕ್ಕಿದ್ದೇನೋ ನಿಜ, ಆ ಮಟ್ಟಿಗೆ ಯೋಜನೆ ಯಶಸ್ವಿ.

ನನ್ನ ಉಯ್ಯಾಲೆಗೆ ವಾಪಸ್ ಬರೋಣ. “ಎಷ್ಟು ದಿನಕ್ಕೆ?” ಅಂದರು ಗುಮಾಸ್ತರು.

“ಒಂದು ಮಧ್ಯಾಹ್ನಕ್ಕೆ.”

“ಅಷ್ಟು ಕಡಿಮೆಗೆ ಇಲ್ಲ ಸ್ವಾಮಿ. ತಾತ್ಕಾಲಿಕ ಅಂದ್ರೆ ಸ್ವಲ್ಪ ಬಾಳಿಕೆ ಬರಬೇಕು.”

ಐಫೆಲ್ ಗೋಪುರಕ್ಕೆ ಸಿಕ್ಕಿದ್ದೂ 20 ವರ್ಷದ ಅನುಮತಿಯೇ, 1889ರಿಂದ ನಿಂತೇ ಇದೆ. ಅದು ಬಿಡಿ, ನೋಡೋಕೆ ಚೆನ್ನಾಗಿದೆ. ಗುಮಾಸ್ತರು ಬೆರಳು ತೋರಿಸಿದ್ದು ಕಿಟಕಿಯಾಚೆಗೆ. ಅಲ್ಲಿ ರಸ್ತೆ ಅಗೆದು ಮರೆತ ಗುಂಡಿಯ ಸುತ್ತ ತಗಡಿನ ಬೇಲಿ. ಅದಕ್ಕೆ ‘ತಾತ್ಕಾಲಿಕ ವ್ಯವಸ್ಥೆ’ ಎಂಬ ಬೋರ್ಡು. ತುಕ್ಕು ಅರ್ಧ ಅಕ್ಷರ ತಿಂದು ‘ವ್ಯವಸ್ಥೆ’ ಮಾತ್ರ ಉಳಿದಿತ್ತು.